ಮ್ಯೂನಿಕ್‌ನ ಸಣ್ಣ ಕಂಪನಿಗೆ ಮೊಬೈಲ್ ಆ್ಯಪ್: ಬೆಂಗಳೂರಿಗೆ ಕೊಡುವುದೋ, ಹನೋಯ್‌ಗೋ, ಇಲ್ಲಿಯೇ ಮಾಡಿಸುವುದೋ?

ಇಸಾರ್ ತೀರ (ಮ್ಯೂನಿಕ್) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸರಕು ಸೈಕಲ್‌ಗಳನ್ನು ಬಾಡಿಗೆಗೆ ಕೊಡುವ ಒಂದು ಸಣ್ಣ ಕಂಪನಿಯಲ್ಲಿ ನಾನು ಲೆಕ್ಕಪತ್ರ ಮತ್ತು ಕಚೇರಿ ವ್ಯವಹಾರ ನೋಡಿಕೊಳ್ಳುತ್ತೇನೆ. ಮುಂದುಗಡೆ ದೊಡ್ಡ ಪೆಟ್ಟಿಗೆ ಇರುವ ಬ್ಯಾಟರಿ ಸೈಕಲ್‌ಗಳು ಅವು. ಇಲ್ಲಿಯವರು ಮಕ್ಕಳನ್ನೋ ವಾರದ ದಿನಸಿಯನ್ನೋ ಅದರಲ್ಲಿ ಹೇರಿಕೊಂಡು ಹೋಗುತ್ತಾರೆ. ಸದ್ಯಕ್ಕೆ ಗ್ರಾಹಕರು ಜಾಲತಾಣದಲ್ಲಿ ಕಾದಿರಿಸಿ, ಅಂಗಡಿಗೆ ಬಂದು ಕೀಲಿಕೈ ಪಡೆಯುತ್ತಾರೆ. ಮುಂದಿನ ವಸಂತದ ಹೊತ್ತಿಗೆ ಸೈಕಲ್‌ಗಳಿಗೆ ಬ್ಲೂಟೂತ್ ಬೀಗ ಹಾಕಿಸಿ, ಬೀಗವನ್ನು ಫೋನಿನಿಂದಲೇ ತೆರೆಯುವಂತೆ ಮಾಡಬೇಕೆಂಬುದು ಮಾಲೀಕರ ಆಸೆ. ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಆ್ಯಪ್ ಬೇಕು.

ಇಲ್ಲಿನ ಸಂಸ್ಥೆಯೊಂದು 85,000 ಯೂರೊ ಕೇಳಿತು. ಮಾಲೀಕರು ನನ್ನ ಕಡೆ ತಿರುಗಿ, "ನೀವು ಬೆಂಗಳೂರಿನವರಲ್ಲವೇ? ಅಲ್ಲಿ ಎಲ್ಲರೂ ಮಾಡುವುದು ಇದನ್ನೇ ತಾನೆ?" ಎಂದರು. ನಾನು ಅರಸೀಕೆರೆಯವಳು, ಓದಿದ್ದು ಬಿ.ಕಾಂ. ಹೇಳಿ ನೋಡಿದೆ, ಪ್ರಯೋಜನವಾಗಲಿಲ್ಲ. ಈಗ ನನ್ನ ಮೇಜಿನ ಮೇಲೆ ಇನ್ನೆರಡು ದರಪಟ್ಟಿಗಳಿವೆ. ಬೆಂಗಳೂರಿನ ಸಂಸ್ಥೆ 18,000 ಯೂರೊ ಹೇಳಿದೆ, ಹನೋಯ್‌ನದು 26,000. ಬೆಂಗಳೂರಿನವರು ಎಲ್ಲದಕ್ಕೂ "ಆಗುತ್ತದೆ" ಎಂದರು. ಹನೋಯ್‌ನವರು ಎರಡು ಪುಟ ತುಂಬ ಪ್ರಶ್ನೆ ಕಳಿಸಿದ್ದಾರೆ, ಅರ್ಧಕ್ಕೆ ನನ್ನಲ್ಲಿ ಉತ್ತರವಿಲ್ಲ.

ಮಾಲೀಕರಿಗೆ ಸಹಜವಾಗಿಯೇ 18,000 ಇಷ್ಟವಾಗಿದೆ. ಊರಿನವರಿಗೆ ಕೆಲಸ ಸಿಗಲಿ ಎಂಬ ಆಸೆ ನನಗೂ ಇದೆ. ಆದರೆ ನಾಳೆ ಕೆಟ್ಟರೆ ಎಲ್ಲರೂ ನೋಡುವುದು ನನ್ನ ಮುಖವನ್ನೇ. ಈ ಕೆಲಸ ಮಾಡಿದವರು ಅಥವಾ ಮಾಡಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

---

ಎಡಿಸನ್ ನಿವಾಸಿ (ನ್ಯೂಜೆರ್ಸಿ):

ಸರಳ ಸೂತ್ರ: ಒಟ್ಟು ಮೊತ್ತವನ್ನು ಮೊದಲೇ ಗೊತ್ತುಮಾಡಿ ಒಪ್ಪಂದ ಮಾಡಿಕೊಳ್ಳಿ. ಶೇಕಡ 40ರಷ್ಟು ಹಣವನ್ನು ಕೊನೆಯವರೆಗೂ ಹಿಡಿದಿಟ್ಟುಕೊಳ್ಳಿ. ಆ್ಯಪ್ ಸ್ಟೋರ್‌ನಲ್ಲಿ ಕಾಣಿಸಿದ ದಿನ ಉಳಿದದ್ದನ್ನು ಕೊಡಿ. ಹೊರದೇಶದ ತಂಡದ ಮೇಲೆ ನಿಮಗಿರುವ ಹಿಡಿತ ಅದೊಂದೇ.

ಹೊರಗಿನವರಿಂದ ಒಳ್ಳೆಯ ಕೆಲಸ ಆಗುವುದಿಲ್ಲ ಎನ್ನುವವರ ಮಾತು ಕೇಳಬೇಡಿ. 2003ರಲ್ಲಿ ಸ್ಕೈಪ್ ಕಟ್ಟಲು ಹೊರಟ ಇಬ್ಬರಲ್ಲಿ ಒಬ್ಬರು ಸ್ವೀಡನ್ನಿನವರು, ಇನ್ನೊಬ್ಬರು ಡೆನ್ಮಾರ್ಕಿನವರು; ತಂತ್ರಾಂಶ ಬರೆದವರು ಎಸ್ಟೋನಿಯಾದವರು.

---

ಕುಕ್ಕರಹಳ್ಳಿ (ಮೈಸೂರು):

ಮೇಡಂ, ನಾನು ಈ ವ್ಯಾಪಾರದ ಇನ್ನೊಂದು ತುದಿಯಲ್ಲಿ ಕುಳಿತವನು. ಮೈಸೂರಿನ ವಿಜಯನಗರದಲ್ಲಿ ಒಂದು ಮನೆಯ ಮೊದಲ ಮಹಡಿಯಲ್ಲಿ ನಮ್ಮ ಕಚೇರಿ ಇದೆ, ಹದಿನಾಲ್ಕು ಜನ. ಕೆಲಸವೆಲ್ಲ ಡೆನ್ಮಾರ್ಕ್, ಆಸ್ಟ್ರೇಲಿಯಾ, ಕೆನಡಾದವರದು. ನಿಮ್ಮ ಕೆಲಸ ನನಗೆ ಬೇಡ, ಬ್ಲೂಟೂತ್ ಬಲ್ಲವರು ಈಗ ನನ್ನಲ್ಲಿ ಬಿಡುವಾಗಿಲ್ಲ. ಆದ್ದರಿಂದ ಮನಸ್ಸು ಬಿಚ್ಚಿ ಬರೆಯಬಹುದು.

18,000 ಎಂಬ ಅಂಕಿ ಹೇಗೆ ಹುಟ್ಟಿತೆಂದು ನಾನು ಇಲ್ಲಿಂದಲೇ ಹೇಳಬಲ್ಲೆ. ನೀವು ಕಳಿಸಿದ ವಿವರಣೆಯನ್ನು ಮಾರಾಟ ವಿಭಾಗದವರು ಓದಿದ್ದಾರೆ, ಕೋಡ್ ಬರೆಯುವವರಲ್ಲ. ನೋಂದಣಿಗೆ ಇಷ್ಟು ದಿನ, ಹಣ ಪಾವತಿಗೆ ಇಷ್ಟು ದಿನ, "ಬ್ಲೂಟೂತ್ ಜೋಡಣೆ"ಗೆ ಇಷ್ಟು ದಿನ ಎಂದು ಹಳೆಯ ಪಟ್ಟಿಯೊಂದರಿಂದ ಎತ್ತಿ ಬರೆದಿದ್ದಾರೆ. ಕೆಲಸ ಕೈಗೆ ಬಂದ ಮೇಲೆ, "ಇದು ಮೂಲ ಒಪ್ಪಂದದಲ್ಲಿ ಇರಲಿಲ್ಲ" ಎಂಬ ಪತ್ರಗಳು ಒಂದೊಂದಾಗಿ ಬರತೊಡಗುತ್ತವೆ. ಅವರನ್ನು ಮೋಸಗಾರರೆಂದು ನಾನು ಕರೆಯಲಾರೆ. ಕಡಿಮೆ ದರ ಹೇಳದವನಿಗೆ ಎರಡನೆಯ ಕರೆಯೇ ಬಾರದ ಮಾರುಕಟ್ಟೆಯಲ್ಲಿ ನಾವೆಲ್ಲ ನಿಂತಿದ್ದೇವೆ. ನಿಮ್ಮಂಥ ಗ್ರಾಹಕರೇ ಇದನ್ನು ಕಲಿಸಿದ್ದು ಎಂದರೆ ಬೇಸರ ಮಾಡಿಕೊಳ್ಳಬೇಡಿ.

ನಿಮ್ಮ ಆ್ಯಪ್‌ನಲ್ಲಿ ಕಷ್ಟ ಇರುವುದು ಬೀಗದಲ್ಲಿ. ಉಳಿದದ್ದನ್ನು ಯಾರು ಬೇಕಾದರೂ ಮಾಡಿಕೊಡುತ್ತಾರೆ. ಐಫೋನಿನ ಸಿಮ್ಯುಲೇಟರ್‌ನಲ್ಲಿ, ಅಂದರೆ ಕಂಪ್ಯೂಟರ್ ಪರದೆಯ ಮೇಲಿನ ನಕಲಿ ಫೋನಿನಲ್ಲಿ, ಬ್ಲೂಟೂತ್ ಕೆಲಸ ಮಾಡುವುದಿಲ್ಲ. ಅಂದರೆ ಕೋಡ್ ಬರೆಯುವ ಹುಡುಗನ ಮೇಜಿನ ಮೇಲೆ ನಿಜವಾದ ಫೋನ್ ಇರಬೇಕು, ನಿಮ್ಮ ನಿಜವಾದ ಬೀಗವೂ ಇರಬೇಕು. ಆಂಡ್ರಾಯ್ಡ್‌ನಲ್ಲಿ ಇನ್ನೊಂದು ತರಲೆ ಇದೆ. 6ರಿಂದ 11ರವರೆಗಿನ ಆವೃತ್ತಿಗಳಲ್ಲಿ ಬ್ಲೂಟೂತ್ ಸಾಧನ ಹುಡುಕಬೇಕಾದರೆ ಗ್ರಾಹಕರಿಂದ ಸ್ಥಳದ ಅನುಮತಿಯನ್ನು ಕೇಳಬೇಕು. 12ರಿಂದ ಅದಕ್ಕೆ ಪ್ರತ್ಯೇಕ ಅನುಮತಿ ಬಂದಿದೆ. "ಬೀಗ ತೆರೆಯಲು ನಾನು ಎಲ್ಲಿದ್ದೇನೆಂದು ನಿಮಗೇಕೆ ಬೇಕು?" ಎಂದು ಜರ್ಮನಿಯ ಅಜ್ಜಿಯೊಬ್ಬರು ಖಂಡಿತ ಕೇಳುತ್ತಾರೆ. ಅವರಿಗೆ ತೋರಿಸುವ ಆ ಎರಡು ಸಾಲನ್ನು ಯಾರು ಬರೆಯುತ್ತಾರೆ? ಬೆಂಗಳೂರಿನ ಸಂಸ್ಥೆಯೋ, ನೀವೋ?

ಬೀಗವನ್ನು ಭಾರತಕ್ಕೆ ಕಳಿಸುವುದೇ ಒಂದು ಪ್ರತ್ಯೇಕ ಪುರಾಣ. ಅದರೊಳಗೆ ಲಿಥಿಯಂ ಬ್ಯಾಟರಿ ಇದ್ದರೆ ವಿಮಾನದ ಕೊರಿಯರ್‌ನವರು ಅಪಾಯಕಾರಿ ಸರಕಿನ ಕಾಗದಪತ್ರ ಕೇಳುತ್ತಾರೆ. ನಿಸ್ತಂತು ಸಾಧನವಾದ್ದರಿಂದ ಇಲ್ಲಿ ದೂರಸಂಪರ್ಕ ಇಲಾಖೆಯ ಅನುಮೋದನೆಯ ಪ್ರಶ್ನೆಯೂ ಏಳುತ್ತದೆ. ಡೆನ್ಮಾರ್ಕಿನವರು ನಮಗೆ ಕಳಿಸಿದ ಸಾಧನವೊಂದು ಹೀಗೆಯೇ ದಾರಿಯಲ್ಲಿ ನಿಂತು, ಕೊನೆಗೆ ಹೊರಟ ಊರಿಗೇ ಮರಳಿತು. ಆದ್ದರಿಂದ ತಂಡವನ್ನು ಆರಿಸುವ ಮೊದಲು ಬೀಗ ತಯಾರಿಸುವ ಕಂಪನಿಗೆ ಬರೆದು, ಭಾರತದಲ್ಲೋ ವಿಯೆಟ್ನಾಂನಲ್ಲೋ ಅವರ ವಿತರಕರು ಇದ್ದಾರೆಯೇ ಎಂದು ಕೇಳಿ.

ಇನ್ನು ತಂಡದ ಪರೀಕ್ಷೆ. ಇಡೀ ಆ್ಯಪ್‌ಗೆ ಸಹಿ ಹಾಕಬೇಡಿ. ಒಂದೇ ಪರದೆ, ಒಂದೇ ಗುಂಡಿ, ಒತ್ತಿದರೆ ಬೀಗ ತೆರೆಯಬೇಕು. ಇಷ್ಟನ್ನು ಎರಡೂ ತಂಡಗಳಿಂದ ಮಾಡಿಸಿ, ಇಬ್ಬರಿಗೂ ಪೂರ್ತಿ ಹಣ ಕೊಡಿ. ಪುಕ್ಕಟೆ ಮಾದರಿ ಕೇಳಿದರೆ ಬಿಡುವಿರುವವರು ಮಾಡಿಕೊಡುತ್ತಾರೆಯೇ ಹೊರತು ಬಲ್ಲವರು ಮಾಡಿಕೊಡುವುದಿಲ್ಲ. ಮಾಡುತ್ತಿರುವಾಗ ಒಂದು ವಿಷಯ ಗಮನಿಸಿ: "ಸೈಕಲ್ ನೆಲಮಾಳಿಗೆಯಲ್ಲಿ ನಿಂತಿದ್ದು, ಅಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಬೀಗ ತೆರೆಯಬೇಕೇ, ಬೇಡವೇ?" ಎಂದು ಯಾರು ತಾವಾಗಿಯೇ ಕೇಳುತ್ತಾರೆ? ತೆರೆಯಬೇಕೆಂದಾದರೆ ಅನುಮತಿಯ ಸಂಕೇತವನ್ನು ನೆಟ್‌ವರ್ಕ್ ಇರುವಾಗಲೇ ಫೋನಿಗೆ ಇಳಿಸಿಕೊಂಡಿರಬೇಕು. ಅದು ಎಷ್ಟು ಹೊತ್ತು ಚಾಲ್ತಿಯಲ್ಲಿರಬೇಕು, ಬಾಡಿಗೆ ರದ್ದಾದರೆ ಏನಾಗಬೇಕು ಎಂಬುದೆಲ್ಲ ಅದರ ಹಿಂದೆಯೇ ಬರುತ್ತದೆ. ಇದು ಇಡೀ ಆ್ಯಪ್‌ನ ಅಸ್ತಿಭಾರ, ಮನೆ ಎದ್ದ ಮೇಲೆ ಸೇರಿಸಲಾಗುವುದಿಲ್ಲ. ಹನೋಯ್‌ನವರ ಎರಡು ಪುಟದಲ್ಲಿ ಈ ಪ್ರಶ್ನೆ ಇದೆಯೇ? ಇದ್ದರೆ ನನ್ನ ಊರಿನ ಅಭಿಮಾನ ಬದಿಗಿಟ್ಟು ಹೇಳುತ್ತೇನೆ, ಅವರ ಕಡೆ ವಾಲಿ.

ಕೆಲಸ ಮಾಡುವವರು ಯಾರೆಂದು ಹೆಸರು ಹಿಡಿದು ಕೇಳಿ. ಮೊದಲ ಸಭೆಗೆ ಬರುವ ಹಿರಿಯರು ಎರಡನೆಯ ತಿಂಗಳಿಗೆ ಇನ್ನೊಬ್ಬ ಗ್ರಾಹಕರ ಮೊದಲ ಸಭೆಯಲ್ಲಿರುತ್ತಾರೆ. ಬೆಂಗಳೂರಿನಲ್ಲಿ ಒಪ್ಪಿಕೊಂಡ ಕೆಲಸ ಮೈಸೂರಿಗೋ ಕೊಯಮತ್ತೂರಿಗೋ ಒಳಗುತ್ತಿಗೆಯಲ್ಲಿ ಬರುವುದೂ ಉಂಟು. ನಮ್ಮ ಹುಡುಗಿಯೊಬ್ಬಳು ವಿಜಯನಗರದಲ್ಲಿ ಕುಳಿತು, ಬೆಂಗಳೂರಿನ ಸಂಸ್ಥೆಯ ಇಮೇಲ್ ವಿಳಾಸದಿಂದ ಗ್ರಾಹಕರ ಸಭೆಗೆ ಸೇರುತ್ತಿದ್ದ ಕಾಲವೂ ಇತ್ತು. ಒಳಗುತ್ತಿಗೆಯೇ ತಪ್ಪೆಂದಲ್ಲ. ನಿಮಗೆ ತಿಳಿಯದೆ ಆಗಬಾರದು, ಅಷ್ಟೆ. ಕೋಡ್ ಬರೆಯುವವರು ವಾರದ ಸಭೆಯಲ್ಲಿ ಖುದ್ದಾಗಿ ಇರಬೇಕೆಂದು ಒಪ್ಪಂದದಲ್ಲಿಯೇ ಬರೆಸಿ.

ಖಾತೆಗಳೆಲ್ಲ ನಿಮ್ಮ ಕಂಪನಿಯ ಹೆಸರಿನಲ್ಲಿರಲಿ. ಆ್ಯಪಲ್‌ಗೆ ವರ್ಷಕ್ಕೆ 99 ಡಾಲರ್, ಗೂಗಲ್ ಪ್ಲೇಗೆ ಒಂದೇ ಸಲ 25 ಡಾಲರ್. ಈ ಹಣ ಉಳಿಸಲು ಹೋಗಿ ಸಂಸ್ಥೆಯ ಖಾತೆಯಲ್ಲಿ ಆ್ಯಪ್ ಹಾಕಿಸಿಕೊಂಡವರು ಆಮೇಲೆ ಬಿಡಿಸಿಕೊಳ್ಳಲು ಪಡುವ ಪಾಡನ್ನು ನಾನು ಕಂಡಿದ್ದೇನೆ. ಕೋಡ್ ಇಡುವ ಭಂಡಾರವೂ ನಿಮ್ಮದೇ, ಸರ್ವರ್ ಬಿಲ್ ಬರುವುದೂ ನಿಮಗೇ. ತಂಡಕ್ಕೆ ಒಳಗೆ ಬರಲು ಅನುಮತಿ ಕೊಡುವವರು ನೀವು, ಹಿಂತೆಗೆದುಕೊಳ್ಳುವವರೂ ನೀವೇ. ಪ್ರತಿ ಶುಕ್ರವಾರ ನಿಮ್ಮ ಫೋನಿಗೆ ಹೊಸ ಆವೃತ್ತಿ ಬರಬೇಕು. ಬಾರದ ಶುಕ್ರವಾರ ಏಕೆ ಬರಲಿಲ್ಲವೆಂದು ಕೇಳಬೇಕು.

ಕೇಳುವವರು ಯಾರು ಎಂಬುದೇ ನನ್ನ ಮುಖ್ಯ ಪ್ರಶ್ನೆ. ನಮ್ಮ ಗ್ರಾಹಕರಲ್ಲಿ ಕೆಲಸ ದಡ ಸೇರಿದ್ದು ಯಾರದು, ಮುಳುಗಿದ್ದು ಯಾರದು ಎಂದು ನೋಡಿದರೆ ದೇಶವಾಗಲಿ ದರವಾಗಲಿ ಲೆಕ್ಕಕ್ಕೆ ಬರುವುದಿಲ್ಲ. ಆ ಕಡೆ ಒಬ್ಬರು ದಿನಕ್ಕೆ ಎರಡು ಗಂಟೆ ಕೊಟ್ಟು, ನಮ್ಮ ಪ್ರಶ್ನೆಗೆ ಅದೇ ದಿನ "ಹೀಗಿರಲಿ" ಎಂದು ತೀರ್ಮಾನ ಹೇಳುತ್ತಿದ್ದರೆ ಕೆಲಸ ನಡೆಯುತ್ತದೆ. "ಮಾಲೀಕರನ್ನು ಕೇಳಿ ಹೇಳುತ್ತೇನೆ" ಎಂದು ಹತ್ತು ದಿನ ಹೋದರೆ ಇಲ್ಲಿನ ಹುಡುಗರು ತಮಗೆ ತೋಚಿದ್ದನ್ನು ಕಟ್ಟಿಬಿಡುತ್ತಾರೆ. ನಿಮಗೆ ಆ ಎರಡು ಗಂಟೆಯನ್ನೂ ತೀರ್ಮಾನದ ಅಧಿಕಾರವನ್ನೂ ಮಾಲೀಕರು ಬರೆದು ಕೊಡುತ್ತಾರೆಯೇ? ಇಲ್ಲವೆಂದಾದರೆ 85,000 ಕೊಟ್ಟು ಅಲ್ಲಿಯೇ ಮಾಡಿಸಲಿ. ಆ ಮೊತ್ತದಲ್ಲಿ ಒಂದು ಪಾಲು ನಿಮ್ಮ ಪರವಾಗಿ ಯೋಚಿಸುವವರ ಸಂಬಳ.

ಎಡಿಸನ್‌ನವರಿಗೆ ಒಂದು ಮಾತು: ಸ್ಕೈಪ್ ಬರೆದ ಎಸ್ಟೋನಿಯಾದವರಿಗೆ ಆ ಕಂಪನಿಯಲ್ಲಿ ಪಾಲು ಇತ್ತು. ಗುತ್ತಿಗೆಯ ಲೆಕ್ಕಕ್ಕೆ ಅವರನ್ನು ತರಬೇಡಿ.

---

ಉಣಕಲ್ ಕೆರೆ (ಹುಬ್ಬಳ್ಳಿ):

ಅಕ್ಕ, ನಾನು ಆ್ಯಪ್ ಪರೀಕ್ಷಿಸುವ ಕೆಲಸದಲ್ಲಿದ್ದೇನೆ. ಯುರೋಪಿನ ಗ್ರಾಹಕರ ಆ್ಯಪ್‌ಗಳಲ್ಲಿ ನಮ್ಮ ಕಡೆಯ ಅಭ್ಯಾಸಗಳು ಹೇಗೆ ನುಸುಳುತ್ತವೆ ಎಂಬುದನ್ನು ಪ್ರತಿದಿನ ನೋಡುತ್ತೇನೆ. ಮೊಬೈಲ್ ಸಂಖ್ಯೆ ಹತ್ತೇ ಅಂಕಿ ಇರಬೇಕೆಂದು ಪಟ್ಟು ಹಿಡಿಯುವ ನಮೂನೆ, ಆರಂಕಿಯ ಪಿನ್‌ಕೋಡ್ ಕೇಳುವ ವಿಳಾಸದ ಪುಟ. ಜರ್ಮನಿಯದು ಐದೇ ಅಂಕಿ, ಗ್ರಾಹಕರು ಅಲ್ಲಿಯೇ ಸಿಕ್ಕಿಬೀಳುತ್ತಾರೆ. ಎಲ್ಲದಕ್ಕೂ ಒಟಿಪಿ ಕಳಿಸುವುದು ನಮಗೆ ಸಹಜ, ಅಲ್ಲಿಯವರು ಇಮೇಲ್ ಮತ್ತು ಗುಪ್ತಪದವನ್ನು ನಿರೀಕ್ಷಿಸುತ್ತಾರೆ. ಯುಪಿಐ ಬಳಸಿ ಬೆಳೆದ ಹುಡುಗನಿಗೆ ಬ್ಯಾಂಕ್ ಖಾತೆಯಿಂದ ನೇರವಾಗಿ ಹಣ ಸೆಳೆಯುವ ಸೆಪಾ ವ್ಯವಸ್ಥೆಯಲ್ಲಿ ಹಣ ಕೆಲವು ದಿನಗಳ ನಂತರ ವಾಪಸಾಗಲೂಬಹುದು ಎಂಬುದು ಹೊಳೆಯುವುದೇ ಇಲ್ಲ.

ಇನ್ನೊಂದು, ಅಲ್ಪವಿರಾಮದ ಗೊಂದಲ. ಜರ್ಮನಿಯಲ್ಲಿ ಹನ್ನೆರಡೂವರೆ ಯೂರೊವನ್ನು 12,50 ಎಂದು ಬರೆಯುತ್ತಾರಲ್ಲ, ಅದನ್ನು ಆ್ಯಪ್ 1,250 ಎಂದು ಓದಿಕೊಂಡ ದೂರನ್ನು ನಾನೇ ದಾಖಲಿಸಿದ್ದೇನೆ. ಜರ್ಮನ್ ಪದಗಳ ಉದ್ದಕ್ಕೆ ಗುಂಡಿಗಳು ಸಾಲುವುದಿಲ್ಲ, ಅರ್ಧ ಪದ ಹೊರಗೆ ಇಣುಕುತ್ತಿರುತ್ತದೆ. ಇವನ್ನೆಲ್ಲ ದರಪಟ್ಟಿಯಲ್ಲಿ ಯಾರೂ ಬರೆಯುವುದಿಲ್ಲ. ನಿಮ್ಮ ಅಂಗಡಿಯ ಯಾರಾದರೂ ಇಬ್ಬರು ಶುಕ್ರವಾರದ ಆವೃತ್ತಿಯನ್ನು ತಮ್ಮ ಸ್ವಂತ ಹಳೆಯ ಫೋನಿನಲ್ಲಿ ಹಾಕಿಕೊಂಡು ಪೆಟ್ಟಿಗೆ ಸೈಕಲ್ ತೆಗೆದುಕೊಂಡು ಹೋಗಿಬರಲಿ. ಹುಬ್ಬಳ್ಳಿಯಲ್ಲಿ ಕುಳಿತು ನಾನು ಕಂಡುಹಿಡಿಯಲಾಗದ್ದನ್ನು ಅವರು ಒಂದೇ ಸುತ್ತಿನಲ್ಲಿ ಕಂಡುಹಿಡಿಯುತ್ತಾರೆ.

---

ತುಂಗೆಯ ಮಗ (ಶಿವಮೊಗ್ಗ):

ಎಡಿಸನ್‌ನವರ ಶೇಕಡ 40ರ ಸೂತ್ರಕ್ಕೆ ನನ್ನ ಬಲವಾದ ವಿರೋಧ ಇದೆ. ನಾನು ಒಬ್ಬನೇ ಕೆಲಸ ಮಾಡುವವನು. ಕಡಲಾಚೆಯ ಗ್ರಾಹಕರೊಬ್ಬರು ಪೂರ್ತಿ ಕೋಡ್ ಪಡೆದುಕೊಂಡು ಕೊನೆಯ ಕಂತು ಕೊಡದೆ ಮೌನವಾದರು. ಅಷ್ಟು ಹಣಕ್ಕೆ ನಾನು ಯಾವ ದೇಶದ ಯಾವ ನ್ಯಾಯಾಲಯಕ್ಕೆ ಹೋಗಲಿ? ಒಮ್ಮೆ ಹೀಗಾದವರು ಆಮೇಲೆ ಏನು ಮಾಡುತ್ತಾರೆ ಗೊತ್ತೇ? ಕೈಗೆ ಬಾರದೇ ಹೋಗಬಹುದಾದ ಶೇಕಡ 40ನ್ನು ದರಕ್ಕೆ ಮೊದಲೇ ಸೇರಿಸುತ್ತಾರೆ, ಇಲ್ಲವೇ ಶೇಕಡ 60ಕ್ಕೆ ತಕ್ಕಷ್ಟೇ ಕೆಲಸ ಮಾಡುತ್ತಾರೆ. ಎರಡು ವಾರಕ್ಕೊಮ್ಮೆ ಮಾಡಿದ್ದನ್ನು ನೋಡಿ, ಒಪ್ಪಿಗೆಯಾದರೆ ಹಣ ಕೊಡಿ. ಒಪ್ಪಿಗೆಯಾಗದಿದ್ದರೆ ಅಲ್ಲಿಗೇ ನಿಲ್ಲಿಸಿ. ಆಗ ಯಾರು ಕೈ ಕೊಟ್ಟರೂ ನಷ್ಟ ಎರಡು ವಾರದ್ದು.

---

ಎಡಿಸನ್ ನಿವಾಸಿ (ನ್ಯೂಜೆರ್ಸಿ):

ನಾನು ಹೇಳಿದ್ದು ದೊಡ್ಡ ಕಂಪನಿಗಳ ಒಪ್ಪಂದಗಳನ್ನು ನೋಡಿ. ಒಬ್ಬರೇ ದುಡಿಯುವವರಿಗೆ ಅದು ಅನ್ಯಾಯ ಎಂಬುದನ್ನು ಒಪ್ಪುತ್ತೇನೆ. ಇಸಾರ್ ತೀರದವರೇ, ಸಮಯದ ವಿಷಯದಲ್ಲಿ ನೀವು ಪುಣ್ಯವಂತರು. ನನ್ನ ಬೆಳಗಿನ ಒಂಬತ್ತು ಗಂಟೆಗೆ ಕರ್ನಾಟಕದಲ್ಲಿ ಸಂಜೆ ಆರೂವರೆ, ಚಳಿಗಾಲದಲ್ಲಿ ಏಳೂವರೆ. ಮ್ಯೂನಿಕ್‌ಗೆ ಅಂತರ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ. ಅರ್ಧ ದಿನ ಇಬ್ಬರೂ ಎಚ್ಚರವಾಗಿ ಕಚೇರಿಯಲ್ಲಿರುತ್ತೀರಿ.

---

ಕರಿ ಕೋಟು (ಧಾರವಾಡ):

ಕಾನೂನಿನ ಕಡೆಯಿಂದ ಎರಡು ವಿಷಯ. ಮಾಡಿಸಿದವರು ಹಣ ಕೊಟ್ಟ ಮಾತ್ರಕ್ಕೆ ಕೋಡ್ ಅವರದಾಗುವುದಿಲ್ಲ. ಭಾರತದ ಕೃತಿಸ್ವಾಮ್ಯ ಕಾಯ್ದೆ, 1957ರ ಪ್ರಕಾರ ನೌಕರರು ಕೆಲಸದ ಭಾಗವಾಗಿ ಬರೆದದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ, ಅವರ ಸಂಸ್ಥೆಗೆ ಸೇರುತ್ತದೆ. ಸಂಸ್ಥೆಯಿಂದ ನಿಮಗೆ ಬರಬೇಕಾದರೆ ಲಿಖಿತ ಹಸ್ತಾಂತರ ಬೇಕು, ಸಹಿಯೂ ಬೇಕು. ಬಹಳ ಜನ ಗಮನಿಸದ ಕಲಂ 19 ಇದೆ. ಹಸ್ತಾಂತರದ ಅವಧಿಯನ್ನು ಬರೆಯದಿದ್ದರೆ ಅದು ಐದು ವರ್ಷವೆಂದೇ ಭಾವಿಸಲಾಗುತ್ತದೆ. ಯಾವ ಪ್ರದೇಶಕ್ಕೆಂದು ಬರೆಯದಿದ್ದರೆ ಭಾರತದೊಳಗೆ ಮಾತ್ರವೆಂದು ಭಾವಿಸಲಾಗುತ್ತದೆ. ಮ್ಯೂನಿಕ್‌ನಲ್ಲಿ ಬಾಡಿಗೆ ಸೈಕಲ್ ಓಡಿಸುವವರಿಗೆ ಭಾರತದೊಳಗಿನ ಹಕ್ಕು ಕಟ್ಟಿಕೊಂಡು ಏನಾಗಬೇಕು? ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ ಅದು ಬಿದ್ದುಹೋಗುತ್ತದೆ ಎಂಬ ಮಾತೂ ಅಲ್ಲಿದೆ, ಬೇರೆ ರೀತಿ ಬರೆದುಕೊಂಡಿದ್ದರೆ ಮಾತ್ರ ಉಳಿಯುತ್ತದೆ. ಆದ್ದರಿಂದ ಶಾಶ್ವತವಾಗಿ, ಜಗತ್ತಿನಾದ್ಯಂತ, ಬಳಸಿದರೂ ಬಳಸದಿದ್ದರೂ ಎಂಬ ಮೂರನ್ನೂ ಬರೆಸಿ. ಜರ್ಮನಿಯ ಕಾನೂನು ಈ ವಿಷಯದಲ್ಲಿ ಬೇರೆ ದಾರಿಯದು, ಅಲ್ಲಿನ ವಕೀಲರಿಗೂ ಒಮ್ಮೆ ತೋರಿಸಿ.

ಎರಡನೆಯದು ಗ್ರಾಹಕರ ಮಾಹಿತಿ. ಯುರೋಪಿನ ದತ್ತಾಂಶ ರಕ್ಷಣೆಯ ನಿಯಮ 2018ರ ಮೇ 25ರಿಂದ ಜಾರಿಯಲ್ಲಿದೆ. ಸರ್ವರ್ ಫ್ರಾಂಕ್‌ಫರ್ಟ್‌ನಲ್ಲಿಯೇ ಇದ್ದರೂ ಬೆಂಗಳೂರಿನಿಂದ ತೆರೆದು ನೋಡಿದರೆ ಅದು ಹೊರದೇಶಕ್ಕೆ ರವಾನೆಯಾದಂತೆಯೇ. ಯುರೋಪಿನ ಆಯೋಗ ಸಾಕಷ್ಟು ರಕ್ಷಣೆ ಇದೆಯೆಂದು ಒಪ್ಪಿದ ದೇಶಗಳ ಪಟ್ಟಿಯಲ್ಲಿ ಜಪಾನ್, ದಕ್ಷಿಣ ಕೊರಿಯಾ ಇವೆ. ಭಾರತವೂ ಇಲ್ಲ, ವಿಯೆಟ್ನಾಂ ಕೂಡ ಇಲ್ಲ. ಆದ್ದರಿಂದ ಇಂಥ ರವಾನೆಗೆ ಆಯೋಗ 2021ರಲ್ಲಿ ಹೊರಡಿಸಿದ ಮಾದರಿ ಕರಾರುಗಳಿಗೆ ಎರಡೂ ಕಡೆ ಸಹಿ ಬೇಕು. ಇದಕ್ಕಿಂತ ಸುಲಭದ ದಾರಿ, ನಿಜವಾದ ಗ್ರಾಹಕರ ಹೆಸರು ವಿಳಾಸಗಳನ್ನು ತಂಡಕ್ಕೆ ತೋರಿಸದೇ ಇರುವುದು. ಪರೀಕ್ಷೆಗೆ ಕಲ್ಪಿತ ಹೆಸರುಗಳು ಸಾಕು.

---

ಇಸಾರ್ ತೀರ (ಮ್ಯೂನಿಕ್):

ಎಲ್ಲರಿಗೂ ಧನ್ಯವಾದ. ಹನೋಯ್‌ನವರ ಪ್ರಶ್ನೆಗಳನ್ನು ಮತ್ತೆ ತೆಗೆದು ಓದಿದೆ. ಏಳನೆಯ ಪ್ರಶ್ನೆ ನೆಲಮಾಳಿಗೆಯದೇ! ಬೆಂಗಳೂರಿನವರಿಗೆ ಅದೇ ಪ್ರಶ್ನೆಯನ್ನು ನಾನು ಕಳಿಸಿದಾಗ "ಆಗುತ್ತದೆ" ಎಂದು ಉತ್ತರ ಬಂತು. ಏನು ಆಗುತ್ತದೆ ಎಂದು ಮತ್ತೆ ಕೇಳಿದ ಮೇಲೆ ಅವರ ಕಡೆಯಿಂದ ಒಬ್ಬ ಎಂಜಿನಿಯರ್ ನೇರವಾಗಿ ಕರೆ ಮಾಡಿ ಅರ್ಧ ಗಂಟೆ ಚೆನ್ನಾಗಿಯೇ ಮಾತನಾಡಿದರು. ದರ 18,000ಕ್ಕೆ ನಿಲ್ಲುವುದಿಲ್ಲ ಎಂದು ಅವರೇ ಹೇಳಿದರು. ಆ ಎಂಜಿನಿಯರ್‌ಗೆ ಈ ಕೆಲಸ ಕೊಡುತ್ತೀರಾ ಎಂದು ಸಂಸ್ಥೆಯನ್ನು ಕೇಳಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.

ಒಂದು ಗುಂಡಿಯ ಪರೀಕ್ಷೆಗೆ ಮಾಲೀಕರು ಒಪ್ಪಿದ್ದಾರೆ, ಇಬ್ಬರಿಗೂ ಹಣ ಕೊಡುವುದಕ್ಕೆ ಸ್ವಲ್ಪ ಗೊಣಗಿದರು. ದಿನಕ್ಕೆ ಎರಡು ಗಂಟೆಯ ಮಾತಿಗೆ, ನನ್ನ ಲೆಕ್ಕಪತ್ರದ ಕೆಲಸ ಯಾರು ಮಾಡುತ್ತಾರೆ ಎಂದರು. ಅದು ನನ್ನದಲ್ಲ, ಅವರ ತೀರ್ಮಾನ ಎಂದು ಹೇಳಿ ಬಂದಿದ್ದೇನೆ.

ಕುಕ್ಕರಹಳ್ಳಿಯವರಿಗೆ ಇನ್ನೆರಡು ಪ್ರಶ್ನೆ. ಖಾತೆಗಳನ್ನು ಮಾಲೀಕರ ಸ್ವಂತ ಹೆಸರಿನಲ್ಲಿ ತೆರೆದರೆ ಬೇಗ ಆಗುತ್ತದೆ ಎಂದು ಇಲ್ಲೊಬ್ಬರು ಹೇಳಿದರು, ನಿಜವೇ? ಆ್ಯಪ್ ಮುಗಿದ ಮೇಲೆ ಪ್ರತಿ ವರ್ಷ ಖರ್ಚು ಇರುತ್ತದೆಯೇ?

---

ಕುಕ್ಕರಹಳ್ಳಿ (ಮೈಸೂರು):

ಬೇಗ ಆಗುವುದಿಲ್ಲ. ಗೂಗಲ್ ಪ್ಲೇಯಲ್ಲಿ ಹೊಸದಾಗಿ ವೈಯಕ್ತಿಕ ಖಾತೆ ತೆರೆದವರು ಆ್ಯಪ್ ಬಿಡುಗಡೆ ಮಾಡುವ ಮೊದಲು ಕನಿಷ್ಠ 12 ಜನರಿಂದ 14 ದಿನ ಸತತವಾಗಿ ಪರೀಕ್ಷೆ ಮಾಡಿಸಬೇಕು. ಕಂಪನಿ ಖಾತೆಗೆ ಆ ನಿರ್ಬಂಧ ಇಲ್ಲ. ಕಂಪನಿ ಖಾತೆಗೆ ಆ್ಯಪಲ್, ಗೂಗಲ್ ಎರಡೂ ಕಡೆ ಡನ್ಸ್ ಸಂಖ್ಯೆ (ಕಂಪನಿಗಳನ್ನು ಜಗತ್ತಿನಾದ್ಯಂತ ಗುರುತಿಸುವ ಸಂಖ್ಯೆ) ಕೇಳುತ್ತಾರೆ. ನಿಮ್ಮ ಕಂಪನಿಗೆ ಈಗಾಗಲೇ ಇರಬಹುದು, ಮೊದಲು ಹುಡುಕಿ ನೋಡಿ. ಇಲ್ಲದಿದ್ದರೆ ಇವತ್ತೇ ಅರ್ಜಿ ಹಾಕಿ, ತಂಡ ಯಾವುದೆಂದು ತೀರ್ಮಾನವಾಗುವವರೆಗೆ ಕಾಯಬೇಡಿ. ನೋಂದಣಿ ಪತ್ರದಲ್ಲಿರುವ ಹೆಸರು, ವಿಳಾಸ ಒಂದಕ್ಷರವೂ ಬದಲಾಗದಂತೆ ತುಂಬಿ.

ಪ್ರತಿ ವರ್ಷ ಖರ್ಚು ಇದ್ದೇ ಇರುತ್ತದೆ. ಹೊಸ ಆಂಡ್ರಾಯ್ಡ್‌ಗೆ ಹೊಂದಿಸಿಕೊಳ್ಳಬೇಕೆಂದು ಗೂಗಲ್ ವರ್ಷಕ್ಕೊಂದು ಗಡುವು ಹಾಕುತ್ತದೆ. 2024ರ ಆಗಸ್ಟ್ 31ರಿಂದ ಆಂಡ್ರಾಯ್ಡ್ 14, ಮರುವರ್ಷ ಅದೇ ದಿನದಿಂದ 15. ಆ್ಯಪಲ್‌ನವರೂ ಹೀಗೆಯೇ: ಆ್ಯಪ್‌ನಲ್ಲಿ ಖಾತೆ ತೆರೆಯಲು ಅವಕಾಶ ಕೊಟ್ಟವರು ಅಳಿಸಲೂ ಅಲ್ಲಿಯೇ ಅವಕಾಶ ಕೊಡಬೇಕೆಂದು 2022ರ ಜೂನ್ 30ರಿಂದ ಕಡ್ಡಾಯ ಮಾಡಿದರು. ಆದ್ದರಿಂದ ಈಗಿನ ಒಪ್ಪಂದದಲ್ಲಿಯೇ ವರ್ಷಕ್ಕೆ ಇಷ್ಟು ಗಂಟೆ, ಗಂಟೆಗೆ ಇಷ್ಟು ಎಂದು ಬರೆಸಿಕೊಳ್ಳಿ. ಆ ದರ ಆರಂಭದ ದರಕ್ಕಿಂತ ಬಹಳ ಹೆಚ್ಚಿದ್ದರೆ, ಮೊದಲ ದರಪಟ್ಟಿಯ ನಷ್ಟವನ್ನು ಅಲ್ಲಿ ತುಂಬಿಕೊಳ್ಳುತ್ತಿದ್ದಾರೆ ಎಂದು ತಿಳಿಯಿರಿ.

ಆ ಎಂಜಿನಿಯರ್‌ನ ಹೆಸರನ್ನು ಒಪ್ಪಂದದಲ್ಲಿ ಬರೆಯಲು ಸಂಸ್ಥೆ ಒಪ್ಪಿದರೆ ಬೆಂಗಳೂರಿನವರನ್ನೂ ಬಿಡಬೇಡಿ. ಬೀಗ ಯಾವ ಕಂಪನಿಯದೆಂದು ಇಲ್ಲಿ ಬರೆಯದೆ ಖಾಸಗಿ ಸಂದೇಶದಲ್ಲಿ ತಿಳಿಸಿ, ವಿತರಕರು ಬೆಂಗಳೂರಿನಲ್ಲಿ ಇದ್ದಾರೆಯೇ ಎಂದು ನಾನೇ ವಿಚಾರಿಸುತ್ತೇನೆ.